ಮೊನೆಯಿಂದ ಮುಟ್ಟಿ ನೋಡುವ ಸೂಕ್ಷ್ಮದರ್ಶಕ: ಜೀವಕೋಶ, ವೈರಸ್, ಡಿಎನ್‌ಎ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕದ ಬಗ್ಗೆ ಮಾತನಾಡಿದಾಗಲೆಲ್ಲ ಕೇಳಿಬರುವ ಪ್ರಶ್ನೆಗಳಿವು. ಕೆಲವು ಪಿಯುಸಿ ವಿದ್ಯಾರ್ಥಿಗಳವು, ಕೆಲವು ಅಧ್ಯಾಪಕರ ಪತ್ರಗಳಲ್ಲಿ ಬಂದವು, ಕೆಲವನ್ನು ರೇಷ್ಮೆ ಮತ್ತು ಟೊಮೆಟೊ ಬೆಳೆಗಾರರು ಕೇಳಿದ್ದಾರೆ. ಸುಲಭದವು ಮೊದಲು, ಸಂಶೋಧಕರಿಗೆ ಬೇಕಾದವು ಕೊನೆಗೆ. ಉಪಕರಣವನ್ನು ಎಲ್ಲರೂ ಕರೆಯುವಂತೆ ಎಎಫ್‌ಎಂ ಎಂದೇ ಬರೆದಿದ್ದೇನೆ.

## ಮೊದಲ ಪರಿಚಯ

ಇದನ್ನು ಸೂಕ್ಷ್ಮದರ್ಶಕ ಅನ್ನುತ್ತೀರಿ. ಕಣ್ಣಿಟ್ಟು ನೋಡುವ ಮಸೂರ ಎಲ್ಲಿದೆ?

ಚಿತ್ರ ಮೂಡಿಸುವ ಮಸೂರ ಇದರಲ್ಲಿ ಇಲ್ಲವೇ ಇಲ್ಲ. ಮೊನೆಯನ್ನು ಸರಿಯಾದ ಜಾಗಕ್ಕೆ ತರಲು ಒಂದು ಕ್ಯಾಮೆರಾ ಇರುತ್ತದೆ, ಅಷ್ಟೇ. ಎಎಫ್‌ಎಂ ಮುಟ್ಟಿ ತಿಳಿಯುತ್ತದೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಮುನ್ನ ನೂಲು ಬಿಚ್ಚುವ ರೀಲರುಗಳು ಗೂಡನ್ನು ಬೆರಳ ನಡುವೆ ಉರುಳಿಸಿ, ಒತ್ತಿ, ಚಿಪ್ಪು ಗಟ್ಟಿಯೋ ಮೆದುವೋ, ಮೈ ಒರಟೋ ನುಣುಪೋ ಎಂದು ಅಳೆಯುತ್ತಾರಲ್ಲ, ಅದೇ ಬಗೆಯ ಅರಿವು ಇದು. ಆಕಾರವೂ ಗಡಸುತನವೂ ಒಂದೇ ಸ್ಪರ್ಶದಲ್ಲಿ ತಿಳಿಯುತ್ತವೆ.

ಮುಟ್ಟುವುದು ಸಿಲಿಕಾನ್ ಅಥವಾ ಸಿಲಿಕಾನ್ ನೈಟ್ರೈಡಿನ ಮೊನೆ. ಅದು ಕ್ಯಾಂಟಿಲಿವರ್ ಎಂಬ ತೆಳು ಪಟ್ಟಿಯ ತುದಿಯಲ್ಲಿ ಕೂತಿರುತ್ತದೆ. ಪಟ್ಟಿಯ ಉದ್ದ ಸಾಮಾನ್ಯವಾಗಿ 100ರಿಂದ 200 ಮೈಕ್ರೊಮೀಟರ್ (ಮಿಲಿಮೀಟರಿನ ಸಾವಿರದ ಒಂದು ಭಾಗ). ದಪ್ಪ ಕೆಲವೇ ಮೈಕ್ರೊಮೀಟರ್ ಅಥವಾ ಅದಕ್ಕೂ ಕಡಿಮೆ. ಪಟ್ಟಿಯ ಬೆನ್ನ ಮೇಲೆ ಬಿದ್ದ ಲೇಸರ್ ಕಿರಣ ಪ್ರತಿಫಲಿಸಿ ಬೆಳಕನ್ನು ಗುರುತಿಸುವ, ನಾಲ್ಕು ಭಾಗಗಳಿರುವ ಫೋಟೊಡಯೋಡಿಗೆ ತಾಗುತ್ತದೆ. ಮೊನೆ ಉಬ್ಬನ್ನು ಹತ್ತಿದರೆ ಪಟ್ಟಿ ಬಾಗುತ್ತದೆ, ಕಿರಣ ಜಾಗ ಬದಲಿಸುತ್ತದೆ. ಒಂದು ನ್ಯಾನೊಮೀಟರಿನ (ಮೈಕ್ರೊಮೀಟರಿನ ಸಾವಿರದ ಒಂದು ಭಾಗ) ಹತ್ತನೇ ಒಂದು ಭಾಗದಷ್ಟು ಬಾಗಿದರೂ ಇದು ಗುರುತಿಸುತ್ತದೆ. ಕೂಡಲೇ ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ಪೀಜೋ ಸಾಧನವು ಮೊನೆಯನ್ನೋ ಮಾದರಿಯನ್ನೋ ಮೇಲೆ ಕೆಳಗೆ ಸರಿಸಿ, ಒತ್ತುವ ಬಲವನ್ನು ಮೊದಲಿನ ಮಟ್ಟಕ್ಕೆ ತರುತ್ತದೆ. ಎಷ್ಟು ಸರಿಸಬೇಕಾಯಿತೋ ಅದೇ ಆ ಬಿಂದುವಿನ ಎತ್ತರ. ಹೀಗೆ ಸಾಲಿನ ಪಕ್ಕ ಸಾಲು ಅಳೆದು ಕಂಪ್ಯೂಟರ್ ಚಿತ್ರ ಕಟ್ಟುತ್ತದೆ.

ಯಾರು ಕಂಡುಹಿಡಿದರು? ಪರೀಕ್ಷೆಗೆ ಬೇಕು.

ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್, ಕ್ರಿಸ್ಟೋಫ್ ಗೆರ್ಬರ್. ಅವರ ಪ್ರಬಂಧ ಪ್ರಕಟವಾದದ್ದು 1986ರಲ್ಲಿ. ಅದಕ್ಕೆ ಮೊದಲು, 1981ರಲ್ಲಿ, ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕವನ್ನು ಕಟ್ಟಿದ್ದರು. 1986ರ ನೊಬೆಲ್ ಬಂದದ್ದು ಅದಕ್ಕೆ. ಆ ಉಪಕರಣಕ್ಕೆ ವಿದ್ಯುತ್ ಹರಿಯುವ ಮಾದರಿಯೇ ಬೇಕಿತ್ತು. ಪ್ರೋಟೀನು, ಪೊರೆ, ಜೀವಕೋಶ ಇವು ಯಾವುವೂ ಆ ಬಗೆಯ ವಾಹಕಗಳಲ್ಲ. ಆ ಕಟ್ಟನ್ನು ಬಿಡಿಸಿದ್ದು ಎಎಫ್‌ಎಂ. ಮೊದಲ ಎಎಫ್‌ಎಂನ ಪ್ರೋಬ್ (ಪಟ್ಟಿ ಮತ್ತು ಮೊನೆ ಸೇರಿದ್ದು) ಚಿನ್ನದ ತೆಳು ಹಾಳೆಗೆ ಅಂಟಿಸಿದ ವಜ್ರದ ಚೂರು.

ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಕಾಣದ್ದು ಇದರಲ್ಲಿ ಏನು ಕಾಣುತ್ತದೆ? ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದ್ದೇ ಇದೆಯಲ್ಲ?

ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ಬೆಳಕಿನ ತರಂಗದ ಉದ್ದವೇ ಆ ಮಿತಿಗೆ ಕಾರಣ. ಕೆಂಪು ರಕ್ತಕಣ 7ರಿಂದ 8 ಮೈಕ್ರೊಮೀಟರ್, ಬ್ಯಾಕ್ಟೀರಿಯಾ ಒಂದೆರಡು ಮೈಕ್ರೊಮೀಟರ್. ಇವು ಬೆಳಕಿಗೆ ಸಿಗುತ್ತವೆ. ತಂಬಾಕು ಮೊಸಾಯಿಕ್ ವೈರಸ್ಸಿನ ದಪ್ಪ 18 ನ್ಯಾನೊಮೀಟರ್, ಜೀವಕೋಶದ ಪೊರೆಯ ಲಿಪಿಡ್ ಪದರ 4ರಿಂದ 5, ಡಿಎನ್‌ಎ ಎಳೆಯ ವ್ಯಾಸ 2. ಇವು ಸಿಗುವುದಿಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಇವೆಲ್ಲ ಕಾಣುತ್ತವೆ. ಆದರೆ ಅಲ್ಲಿ ಮಾದರಿ ನಿರ್ವಾತದಲ್ಲಿರಬೇಕು. ಅದಕ್ಕಾಗಿ ಒಣಗಿಸಬೇಕು, ಭಾರಲೋಹದ ಬಣ್ಣ ಹಾಕಬೇಕು ಅಥವಾ ಹೆಪ್ಪುಗಟ್ಟಿಸಬೇಕು. ಎಎಫ್‌ಎಂ ನೀರಿನೊಳಗೆ, 37 ಡಿಗ್ರಿಯಲ್ಲಿ, ಬದುಕಿರುವ ಕೋಶವನ್ನೂ ಸವರಬಲ್ಲದು. ಜೀವಶಾಸ್ತ್ರದವರು ಇದಕ್ಕೆ ಇಷ್ಟು ಕಷ್ಟಪಡುವುದು ಈ ಒಂದು ಕಾರಣಕ್ಕೆ.

ಡಿಎನ್‌ಎ ಎಎಫ್‌ಎಂ ಚಿತ್ರಗಳಲ್ಲಿ ಕಾಣುವಂತೆ ನಿಜವಾಗಿಯೂ ಹೊಂಬಣ್ಣದ್ದೇ?

ಅಲ್ಲ. ಅಳತೆಯಲ್ಲಿ ಬಣ್ಣವೇ ಇಲ್ಲ, ಪ್ರತಿ ಬಿಂದುವಿಗೆ ಒಂದು ಎತ್ತರದ ಸಂಖ್ಯೆ ಮಾತ್ರ ಇದೆ. ತಗ್ಗಿಗೆ ಕಂದು, ಎತ್ತರಕ್ಕೆ ಹಳದಿ ಹಚ್ಚುವುದು ತಂತ್ರಾಂಶ. ಆದ್ದರಿಂದ ಎಎಫ್‌ಎಂ ಚಿತ್ರ ನೋಡಿದಾಗ ಮೊದಲು ಪಕ್ಕದ ಬಣ್ಣದ ಪಟ್ಟಿಯಲ್ಲಿರುವ ಅಂಕಿಗಳನ್ನು ಓದಿ. ಆ ಪಟ್ಟಿ ಇಲ್ಲದ ಚಿತ್ರ ಕಣ್ಣಿಗೆ ಚೆಂದ, ವಿಜ್ಞಾನಕ್ಕೆ ಅರ್ಧ.

ಹೆಸರಿನಲ್ಲೇ ಪರಮಾಣು ಇದೆ. ಪ್ರೋಟೀನಿನ ಪರಮಾಣುಗಳು ಒಂದೊಂದಾಗಿ ಕಾಣುತ್ತವೆಯೇ?

ಮೆದು ವಸ್ತುವಿನಲ್ಲಿ ಅದನ್ನು ನಿರೀಕ್ಷಿಸಬೇಡಿ. ಅಭ್ರಕದಂಥ (ಕಾಗೆಬಂಗಾರ) ಗಟ್ಟಿ ಹರಳಿನ ಮೇಲೆ 0.52 ನ್ಯಾನೊಮೀಟರಿಗೊಮ್ಮೆ ಮರುಕಳಿಸುವ ಜಾಲ ಕಾಣುತ್ತದೆ. ಪೊರೆಯಲ್ಲಿ ಸಾಲಾಗಿ ಜೋಡಣೆಯಾದ ಪ್ರೋಟೀನುಗಳಲ್ಲಿ ಅತ್ಯುತ್ತಮ ಕೈಗಳಿಗೆ ಒಂದು ನ್ಯಾನೊಮೀಟರಿನ ಆಸುಪಾಸಿನ ವಿವರ ದಕ್ಕಿದೆ. ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪ್ರೋಟೀನಿರುವ ನೇರಳೆ ಪೊರೆ ಇದಕ್ಕೆ ಪ್ರಸಿದ್ಧ. ಬದುಕಿರುವ ಕೋಶದ ಮೇಲೆ ಹತ್ತಾರು ನ್ಯಾನೊಮೀಟರ್ ವಿವರ ಸಿಕ್ಕರೆ ಅದು ಒಳ್ಳೆಯ ಕೆಲಸ.

## ನಮ್ಮ ಕಡೆಯ ಮಾದರಿಗಳು

ಟೊಮೆಟೊ ಎಲೆ ಮುದುಡಿದೆ. ಎಲೆಯನ್ನೇ ಇಟ್ಟರೆ ಅದರಲ್ಲಿರುವ ವೈರಸ್ ಕಾಣುತ್ತದೆಯೇ?

ಕೋಲಾರದ ಬೆಳೆಗಾರರಿಗೆ ಇದರ ಉತ್ತರ ನೇರವಾಗಿ ಹೇಳಬೇಕು: ಇಲ್ಲ, ರೋಗ ಪತ್ತೆಗೆ ಈ ಉಪಕರಣದ ಅಗತ್ಯವೂ ಇಲ್ಲ. ಎಎಫ್‌ಎಂಗೆ ಸಿಗುವುದು ಮೇಲ್ಮೈ ಮಾತ್ರ. ಬಿಳಿ ನೊಣ ಹರಡುವ ಎಲೆ ಮುದುಡು ರೋಗದ ವೈರಸ್ ಇರುವುದು ಗಿಡದ ಆಹಾರ ಸಾಗಿಸುವ ನಾಳಗಳೊಳಗೆ. ಅದೂ ಅಲ್ಲದೆ ಎಲೆಯ ಮೇಲಿನ ರೋಮಗಳ ಎತ್ತರವೇ ಮೊನೆ ಏರಿಳಿಯಬಲ್ಲ ಕೆಲವು ಮೈಕ್ರೊಮೀಟರ್ ಮಿತಿಯನ್ನು ದಾಟುತ್ತದೆ. ರೋಗ ಯಾವುದೆಂದು ತಿಳಿಯಲು ಪಿಸಿಆರ್ ಅಥವಾ ಎಲೈಸಾ ಪರೀಕ್ಷೆ ಮಾಡಿಸಿ.

ವಿದ್ಯಾರ್ಥಿಗಳಿಗೆ ಮಾತ್ರ ಇದೇ ವಿಷಯ ಬೇರೆ ರೀತಿಯಲ್ಲಿ ಉಪಯುಕ್ತ. ಎಲೆ ಅರೆದು, ವೈರಸ್ಸನ್ನು ಶುದ್ಧೀಕರಿಸಿ, ಅಭ್ರಕದ ಮೇಲೆ ಹರಡಿದರೆ ಕಣಗಳು ಸ್ಪಷ್ಟವಾಗಿ ಸಿಗುತ್ತವೆ. ಎಲೆ ಮುದುಡು ವೈರಸ್ ಸುಮಾರು 18 ನ್ಯಾನೊಮೀಟರ್ ಅಗಲ, 30 ನ್ಯಾನೊಮೀಟರ್ ಉದ್ದದ ಜೋಡಿ ಕಣ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ತಂಬಾಕು ಮೊಸಾಯಿಕ್ ವೈರಸ್. 300 ನ್ಯಾನೊಮೀಟರ್ ಉದ್ದದ ನೇರ ಕಡ್ಡಿ, ಹಾಳಾಗದೆ ನಿಲ್ಲುತ್ತದೆ, ಉದ್ದ ಗೊತ್ತಿರುವುದರಿಂದ ಉಪಕರಣದ ಅಳತೆಯನ್ನೂ ಪರೀಕ್ಷಿಸಿಕೊಳ್ಳಬಹುದು.

ರೇಷ್ಮೆ ಎಳೆಯಲ್ಲಿ ನ್ಯಾನೊ ಮಟ್ಟದಲ್ಲಿ ನೋಡುವಂಥದ್ದು ಏನಿದೆ?

ತುಂಬಾ ಇದೆ. ನನ್ನ ಮಟ್ಟಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಶ್ರೀಮಂತ ಮಾದರಿ ಬೇರೊಂದಿಲ್ಲ. ಗೂಡಿನಿಂದ ಬಿಚ್ಚಿದ ಒಂದು ಎಳೆ ಎಂದರೆ ವಾಸ್ತವದಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ಎಳೆಗಳು, ಅವುಗಳನ್ನು ಸುತ್ತಿ ಹಿಡಿದ ಸೆರಿಸಿನ್ ಎಂಬ ಅಂಟು. ಅಂಟಿರುವಾಗ ಸ್ಕ್ಯಾನ್ ಮಾಡಿದರೆ ಉಬ್ಬುತಗ್ಗಿನ, ಗಂಟುಗಂಟಾದ ಮೈ ಕಾಣುತ್ತದೆ. ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರ್ಧ ಗಂಟೆ ಕುದಿಸಿ ಅಂಟು ತೆಗೆದ ಮೇಲೆ ನೋಡಿದರೆ ಎಳೆಯ ಉದ್ದಕ್ಕೂ ಓಡುವ ಸೂಕ್ಷ್ಮ ತಂತುಗಳ ಜಾಡು ಕಾಣುತ್ತದೆ. ರೇಷ್ಮೆಯ ಬಿಗಿ ಬರುವುದು ಫೈಬ್ರಾಯಿನ್ ಸರಪಳಿಗಳು ಹಾಳೆಹಾಳೆಯಾಗಿ ಮಡಿಚಿ ಕೂತ ನ್ಯಾನೊ ಹರಳುಗಳಿಂದ.

ಒಂದು ಎಚ್ಚರಿಕೆ. ಎಳೆ ದುಂಡಗೆ, 10ರಿಂದ 20 ಮೈಕ್ರೊಮೀಟರ್ ದಪ್ಪ. ಅದರ ಇಳಿಜಾರಿನಲ್ಲಿ ಮೊನೆಯ ಬದಿ ತಾಗುತ್ತದೆಯೇ ಹೊರತು ತುದಿಯಲ್ಲ. ಎಳೆಯನ್ನು ಗಾಜಿನ ಮೇಲೆ ಬಿಗಿಯಾಗಿ ಎಳೆದು ಎರಡೂ ಕಡೆ ಅಂಟಿಸಿ, ನೆತ್ತಿಯ ಒಂದೆರಡು ಮೈಕ್ರೊಮೀಟರ್ ಜಾಗವನ್ನು ಮಾತ್ರ ಸ್ಕ್ಯಾನ್ ಮಾಡಿ. ಎಳೆ ಅಲುಗಾಡಿದರೆ ಸಿಕ್ಕ ಚಿತ್ರವನ್ನು ನಂಬಬೇಡಿ.

ರೇಷ್ಮೆ ಹುಳುವಿನ ಪೆಬ್ರಿನ್, ಹಾಲು ತೊಂಡೆ ರೋಗಗಳ ಪತ್ತೆಗೆ ಎಎಫ್‌ಎಂ ತರಿಸಬಹುದೇ?

ಬೇಡ. ಪೆಬ್ರಿನ್ ಬೀಜಾಣು 3ರಿಂದ 4 ಮೈಕ್ರೊಮೀಟರ್ ಉದ್ದದ ಮೊಟ್ಟೆಯಾಕಾರದ ಕಣ. 1860ರ ದಶಕದಲ್ಲಿ ಲೂಯಿ ಪಾಶ್ಚರ್ ರೂಪಿಸಿದ ತಾಯಿ ಚಿಟ್ಟೆ ಪರೀಕ್ಷೆ (ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ನೋಡುವುದು) ಬೆಳಕಿನ ಸೂಕ್ಷ್ಮದರ್ಶಕದಲ್ಲೇ ನಡೆಯುತ್ತದೆ, ಇವತ್ತಿಗೂ ಮೊಟ್ಟೆ ತಯಾರಿಕಾ ಕೇಂದ್ರಗಳ ಕಾವಲು ಅದೇ. ಹಾಲು ತೊಂಡೆಯ ವೈರಸ್ ಕಟ್ಟುವ ಬಹುಮುಖಿ ಹರಳುಗಳೂ ಬೆಳಕಿಗೆ ಕಾಣುತ್ತವೆ. ರೈತನಿಗೆ ಬೇಕಾದದ್ದು ಬೇಗ ಸಿಗುವ, ಅಗ್ಗದ, ನೂರಾರು ಮಾದರಿಗಳ ಫಲಿತಾಂಶ. ಎಎಫ್‌ಎಂ ಈ ಮೂರರಲ್ಲೂ ಹಿಂದೆ.

ಪಾವಗಡ, ಬಾಗೇಪಲ್ಲಿ ಕಡೆ ಫ್ಲೋರೈಡ್ ನೀರಿನಿಂದ ಹಲ್ಲು ಕಂದಾಗುತ್ತದೆ. ಆ ಹಲ್ಲನ್ನು ಇದರಲ್ಲಿ ಅಧ್ಯಯನ ಮಾಡಬಹುದೇ?

ಮಾಡಬಹುದು, ಮಾಡಬೇಕಾದ ಕೆಲಸವೂ ಹೌದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ಸೇರಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ಲಿನ ಒಳಭಾಗ ಪೂರ್ತಿ ಗಟ್ಟಿಯಾಗದೆ, ಸಣ್ಣ ರಂಧ್ರಗಳುಳ್ಳದ್ದಾಗಿ ಉಳಿಯುತ್ತದೆ. ಉದುರಿದ ಅಥವಾ ಕಿತ್ತ ಹಲ್ಲನ್ನು ಕತ್ತರಿಸಿ, ಹಂತಹಂತವಾಗಿ ನುಣ್ಣಗೆ ಉಜ್ಜಿ, ಆಮ್ಲದಿಂದ ಕ್ಷಣಕಾಲ ಕೊರೆದರೆ ಎನಾಮಲ್ಲಿನ ಹರಳುಗಳು ಮೇಲೇಳುತ್ತವೆ. ಅವುಗಳ ಜೋಡಣೆ, ಮೇಲ್ಮೈಯ ಒರಟುತನ, ಗಡಸು, ಮೂರನ್ನೂ ಅಳೆಯಬಹುದು. ಹಲ್ಲು ಕೊಡುವವರ ಒಪ್ಪಿಗೆ ಮತ್ತು ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮೊದಲೇ ಪಡೆಯಿರಿ. ಕಾಯಿಲೆ ಗುರುತಿಸಲು ಮಾತ್ರ ದಂತವೈದ್ಯರ ಕಣ್ಣೇ ಸಾಕು.

ಹಾಲು?

ಕೆನೆ ತೆಗೆದ ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನಿನ ಗೋಲಗಳು ಬಹುತೇಕ 100ರಿಂದ 200 ನ್ಯಾನೊಮೀಟರ್, ಒಳ್ಳೆಯ ಮಾದರಿ. ಬರೀ ನೀರಿನಲ್ಲಿ ತೆಳುಗೊಳಿಸಿದರೆ ಗೋಲಗಳ ಕಟ್ಟು ಸಡಿಲವಾಗುತ್ತದೆ. ಕ್ಯಾಲ್ಸಿಯಂ ಇರುವ ಬಫರ್ (ಆಮ್ಲತೆ ಬದಲಾಗದಂತೆ ಕಾಯುವ ದ್ರಾವಣ) ಬಳಸಿ. ಕೊಬ್ಬು ಉಳಿದಿದ್ದರೆ ಮೊನೆಗೆ ಮೆತ್ತಿಕೊಳ್ಳುತ್ತದೆ.

## ಮಾದರಿ ಸಿದ್ಧತೆ ಮತ್ತು ಸ್ಕ್ಯಾನ್

ಡಿಎನ್‌ಎಯನ್ನು ಗಾಜಿನ ಸ್ಲೈಡ್ ಮೇಲೆ ಹಾಕಿದೆ, ಏನೂ ಕಾಣಲಿಲ್ಲ. ಏಕೆ?

ಎರಡು ನ್ಯಾನೊಮೀಟರ್ ಎಳೆಯನ್ನು ಹುಡುಕಬೇಕಾದರೆ ನೆಲ ಅದಕ್ಕಿಂತ ಬಹಳ ಸಮತಟ್ಟಾಗಿರಬೇಕು. ಸ್ಲೈಡ್ ಗಾಜು ಅಷ್ಟು ಸಮತಟ್ಟಲ್ಲ. ಅದಕ್ಕಾಗಿಯೇ ಎಲ್ಲರೂ ಮಸ್ಕೊವೈಟ್ ಅಭ್ರಕಕ್ಕೆ ಮೊರೆಹೋಗುವುದು. ನಮ್ಮಲ್ಲಿ ಕಾಗೆಬಂಗಾರ ಅನ್ನುವುದು ಈ ಖನಿಜವನ್ನೇ. ಅದು ಪದರಪದರವಾಗಿ ಸೀಳುತ್ತದೆ, ಸೀಳಿದ ಮೈ ಪರಮಾಣು ಮಟ್ಟದಲ್ಲಿ ಸಮತಟ್ಟು.

ಸೀಳುವ ರೀತಿ ಹೀಗೆ. ಅಭ್ರಕದ ಬಿಲ್ಲೆಯನ್ನು ಲೋಹದ ತಟ್ಟೆಗೆ ಅಂಟಿಸಿ. ಪಾರದರ್ಶಕ ಅಂಟುಪಟ್ಟಿಯನ್ನು ಅದರ ಮೇಲೆ ಇಟ್ಟು ಬೆರಳಿನಿಂದ ಗಾಳಿ ಉಳಿಯದಂತೆ ಒತ್ತಿ, ಒಂದೇ ಎಳೆತದಲ್ಲಿ ಕೀಳಿ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ: ಪೂರ್ತಿ ದುಂಡನೆಯ ಪದರ ಅಂಟಿ ಬಂದಿರಬೇಕು. ಅರ್ಧಚಂದ್ರದಂತೆ ಹರಿದು ಬಂದಿದ್ದರೆ ಬಿಲ್ಲೆಯ ಮೇಲೆ ಮೆಟ್ಟಿಲುಗಳು ಉಳಿದಿವೆ ಎಂದರ್ಥ, ಇನ್ನೊಮ್ಮೆ ಸೀಳಿ. ಸೀಳಿದ ಮೇಲೆ ತಡಮಾಡಬೇಡಿ, ಗಾಳಿಯಲ್ಲಿರುವುದೆಲ್ಲ ಅದರ ಮೇಲೆ ಕೂರಲು ಕಾದಿರುತ್ತದೆ.

ಅಭ್ರಕದ ಮೈಯಲ್ಲಿ ಋಣ ವಿದ್ಯುದಂಶ ಇದೆ, ಡಿಎನ್‌ಎಯದ್ದೂ ಋಣವೇ. ಎರಡನ್ನೂ ಕೂಡಿಸಲು ನಡುವೆ ಮೆಗ್ನೀಸಿಯಂ ಅಥವಾ ನಿಕ್ಕಲ್ ಅಯಾನು ಬೇಕು. ಮೈಕ್ರೊಲೀಟರಿಗೆ ಒಂದು ನ್ಯಾನೊಗ್ರಾಂನಷ್ಟು ತೆಳುವಾದ ಡಿಎನ್‌ಎ, 5ರಿಂದ 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, ಕೆಲವು ನಿಮಿಷದ ಕಾಯುವಿಕೆ, ಶುದ್ಧ ನೀರಿನಿಂದ ಮೆಲ್ಲಗೆ ತೊಳೆಯುವುದು, ನೈಟ್ರೋಜನ್ ಗಾಳಿಯಲ್ಲಿ ಒಣಗಿಸುವುದು. ದ್ರವದೊಳಗೇ ನೋಡುವುದಾದರೆ ಇನ್ನೂ ಬಿಗಿಯಾಗಿ ಹಿಡಿಯುವ ನಿಕ್ಕಲ್ ಒಳ್ಳೆಯದು.

ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ನಡೆಯುತ್ತದೆಯೇ?

ಕುಡಿಯಲು ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಬಯಲುಸೀಮೆಯ ಕೊಳವೆಬಾವಿ ನೀರು ಗಡಸು. ಘಟಕ ಶೋಧಿಸಿದ ಮೇಲೂ ಅದರಲ್ಲಿ ಲವಣ ಉಳಿದಿರುತ್ತದೆ. ಅಭ್ರಕದ ಮೇಲೆ ಒಂದು ಹನಿ ಒಣಗಿದರೆ ಆ ಲವಣದ ಹರಳುಗಳು ಡಿಎನ್‌ಎಗಿಂತ ಹತ್ತಾರು ಪಟ್ಟು ಎತ್ತರಕ್ಕೆ ನಿಲ್ಲುತ್ತವೆ. 18.2 ಮೆಗಾಓಮ್-ಸೆಂಟಿಮೀಟರ್ ಪ್ರತಿರೋಧದ ಅತಿಶುದ್ಧ ನೀರು ಬೇಕು. ಬಫರನ್ನು ಅಂದೇ ತಯಾರಿಸಿ 0.22 ಮೈಕ್ರೊಮೀಟರ್ ಸೋಸುಕದಲ್ಲಿ ಸೋಸಿ. ಡಿಎನ್‌ಎ ಹಾಕದ ಬರೀ ಬಫರಿನ ಬಿಲ್ಲೆಯೊಂದನ್ನು ಮೊದಲು ಸ್ಕ್ಯಾನ್ ಮಾಡಿ. ಅದರಲ್ಲಿ ಚುಕ್ಕೆಗಳಿದ್ದರೆ ನೀರನ್ನು ಬದಲಿಸದೆ ಮುಂದುವರಿಯುವುದು ವ್ಯರ್ಥ.

ಯಾವ ಪ್ರೋಬ್ ಕೊಳ್ಳಬೇಕು? ಪಟ್ಟಿ ನೋಡಿದರೆ ತಲೆ ತಿರುಗುತ್ತದೆ.

ಮೂರು ಅಂಕಿ ನೋಡಿ: ಸ್ಪ್ರಿಂಗ್ ಸ್ಥಿರಾಂಕ (ಪಟ್ಟಿ ಎಷ್ಟು ಬಿಗಿ), ಅನುರಣನ ಆವೃತ್ತಿ (ಪಟ್ಟಿ ಸಹಜವಾಗಿ ಕಂಪಿಸುವ ವೇಗ), ಮೊನೆಯ ತ್ರಿಜ್ಯ. ಒಣಗಿದ ಡಿಎನ್‌ಎ, ವೈರಸ್, ರೇಷ್ಮೆಗೆ ಗಾಳಿಯಲ್ಲಿ ತಟ್ಟುವ ವಿಧಾನ (ಮುಂದಿನ ಪ್ರಶ್ನೆ ನೋಡಿ). ಅದಕ್ಕೆ ಮೀಟರಿಗೆ ಸುಮಾರು 40 ನ್ಯೂಟನ್, 300 ಕಿಲೊಹರ್ಟ್ಸ್, 10 ನ್ಯಾನೊಮೀಟರಿಗಿಂತ ಚೂಪಾದ ಸಿಲಿಕಾನ್ ಪ್ರೋಬ್ ರೂಢಿಯಲ್ಲಿದೆ. ದ್ರವದೊಳಗಿನ ಪ್ರೋಟೀನಿಗೆ ಮೀಟರಿಗೆ 0.1 ನ್ಯೂಟನ್ ಆಸುಪಾಸಿನ ಸಿಲಿಕಾನ್ ನೈಟ್ರೈಡ್. ಬದುಕಿರುವ ಕೋಶಕ್ಕೆ ಅದಕ್ಕೂ ಮೆದು, 0.01ರಿಂದ 0.1. ಗಾಳಿಯಲ್ಲಿ ಬಳಸುವ ಗಟ್ಟಿ ಪ್ರೋಬನ್ನು ಕೋಶದ ಮೇಲೆ ಇಳಿಸಿದರೆ ಕೋಶ ಸೀಳುತ್ತದೆ. ಒಂದೊಂದು ಪ್ರೋಬಿಗೂ ಸಾವಿರಾರು ರೂಪಾಯಿ ಬೆಲೆ ಇರುವುದರಿಂದ ಅತಿ ಚೂಪಾದದ್ದನ್ನು ಮೊದಲ ದಿನ ಬಳಸಬೇಡಿ. ಅದೇ ಬೇಗ ಮುರಿಯುವುದು.

ತಟ್ಟುವ ವಿಧಾನ, ಸವರುವ ವಿಧಾನ: ಯಾವುದು ಮೇಲು?

ಸವರುವ ವಿಧಾನದಲ್ಲಿ ಮೊನೆ ಸದಾ ತಾಗಿಕೊಂಡೇ ಸಾಗುತ್ತದೆ, ಹಾಗಾಗಿ ಅಡ್ಡಬಲ ಹೆಚ್ಚು. ಸಡಿಲವಾಗಿ ಕೂತ ಕಣಗಳು ಗುಡಿಸಿಹೋಗುತ್ತವೆ. 1993ರಲ್ಲಿ ಬಂದ ತಟ್ಟುವ ವಿಧಾನದಲ್ಲಿ ಪಟ್ಟಿ ತನ್ನ ಅನುರಣನ ಆವೃತ್ತಿಯ ಬಳಿ ಕಂಪಿಸುತ್ತಾ ಮೇಲ್ಮೈಯನ್ನು ಕ್ಷಣಮಾತ್ರ ತಾಗುತ್ತದೆ, ಅಡ್ಡಬಲ ಬಹುಮಟ್ಟಿಗೆ ಇಲ್ಲವಾಗುತ್ತದೆ. ಬಿಗಿಯಾಗಿ ಜೋಡಿಸಿದ ಪೊರೆಯ ಪ್ರೋಟೀನಿಗೆ ಸವರುವುದೂ ಚೆನ್ನಾಗಿ ನಡೆಯುತ್ತದೆ, ಬಲ 100 ಪಿಕೊನ್ಯೂಟನ್ (ಪಿಕೊ ಎಂದರೆ ಲಕ್ಷ ಕೋಟಿಯ ಒಂದು ಭಾಗ) ಒಳಗಿದ್ದರೆ. ಇತ್ತೀಚಿನ ಉಪಕರಣಗಳಲ್ಲಿ ಪ್ರತಿ ಬಿಂದುವಿನಲ್ಲೂ ಒತ್ತಿ, ಬಿಟ್ಟು, ಗರಿಷ್ಠ ಬಲವನ್ನು ನೇರವಾಗಿ ನಿಯಂತ್ರಿಸುವ ವಿಧಾನ ಇದೆ. ಅದು ಇದ್ದರೆ ಹೊಸಬರು ಅದರಿಂದಲೇ ಶುರುಮಾಡಲಿ.

ನೀರಿನೊಳಗೆ ಇಳಿಸಿದ ಕೂಡಲೇ ಅನುರಣನದ ಶಿಖರ ಮಾಯವಾಗುತ್ತದೆ. ಪ್ರೋಬ್ ಕೆಟ್ಟಿತೇ?

ಕೆಟ್ಟಿಲ್ಲ. ಪಟ್ಟಿ ಕಂಪಿಸುವಾಗ ಸುತ್ತಲಿನ ನೀರನ್ನೂ ಹೊತ್ತು ಓಡಾಡಬೇಕು. ಆವೃತ್ತಿ ಗಾಳಿಯಲ್ಲಿದ್ದುದರ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ, ಶಿಖರ ಎಷ್ಟು ಚೂಪೆಂದು ಹೇಳುವ, ಗಾಳಿಯಲ್ಲಿ ನೂರರ ಲೆಕ್ಕದಲ್ಲಿದ್ದ ಗುಣಾಂಕ (ಕ್ಯೂ) ಒಂದಂಕಿಗೆ ಬರುತ್ತದೆ. ಕಂಪಿಸುವ ಪೀಜೋ ದ್ರವ ಹಿಡಿದಿಟ್ಟ ಇಡೀ ಪಾತ್ರೆಯನ್ನು ಅಲುಗಿಸುವುದರಿಂದ ಸುಳ್ಳು ಶಿಖರಗಳ ಕಾಡೇ ಏಳುತ್ತದೆ. ಪಟ್ಟಿಯ ಉಷ್ಣ ಕಂಪನದ (ಬಿಸಿಯಿಂದಲೇ ತಾನಾಗಿ ಆಗುವ ನಡುಕ) ರೇಖೆಯನ್ನು ಮೊದಲು ತೆಗೆದು, ನಿಜವಾದ ಶಿಖರ ಎಲ್ಲಿದೆ ಎಂದು ಗುರುತಿಟ್ಟುಕೊಂಡು ಅದರ ಬಳಿಯೇ ಓಡಿಸಿ.

ಕಾಲೇಜಿನ ಹತ್ತಿರ ಕಲ್ಲು ಕ್ರಷರ್ ಇದೆ. ಉಪಕರಣ ಇಡಬಹುದೇ?

ಇಡಬಹುದು, ಜಾಗ ಆರಿಸಿ ಇಡಬೇಕು. ನೆಲಮಹಡಿ, ಕಟ್ಟಡದ ನಡುಭಾಗ, ಲಿಫ್ಟು ಮತ್ತು ಜನರೇಟರುಗಳಿಂದ ದೂರ. ಭಾರವಾದ ಗ್ರಾನೈಟ್ ಹಲಗೆಯನ್ನು ಎಳೆದರೆ ಹಿಗ್ಗುವ ಹಗ್ಗಗಳಿಂದ ತೂಗುಹಾಕಿ, ಅದರ ಮೇಲೆ ಉಪಕರಣ ಕೂರಿಸುವ ಹಳೆಯ ಉಪಾಯ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ರಾನೈಟಿಗೆ ನಮ್ಮ ಜಿಲ್ಲೆಗಳಲ್ಲಿ ಬರವಿಲ್ಲ. ನಿಧಾನವಾಗಿ ತೂಗುವ ಭಾರ ನೆಲದ ವೇಗದ ನಡುಕವನ್ನು ಮೇಲಕ್ಕೆ ಬಿಡುವುದಿಲ್ಲ. ಎಸಿಯ ಗಾಳಿ ನೇರ ಬೀಸದಂತೆ, ಶಬ್ದ ತಾಗದಂತೆ ಮುಚ್ಚಿದ ಪೆಟ್ಟಿಗೆ ಬೇಕು. ಬೇಸಿಗೆಯಲ್ಲಿ ಉಷ್ಣತೆ ಏರಿಳಿದರೆ ಚಿತ್ರ ಒಂದು ಬದಿಗೆ ಜಾರುತ್ತಾ ಹೋಗುತ್ತದೆ. ಉಪಕರಣ ಚಾಲೂ ಮಾಡಿ ಗಂಟೆಯಾದರೂ ಬಿಟ್ಟು ಶುರುಮಾಡಿ. ಯುಪಿಎಸ್ ಇಲ್ಲದೆ ಬೇಡವೇ ಬೇಡ.

ನಮ್ಮಲ್ಲಿ ಉಪಕರಣವೇ ಇಲ್ಲ. ಎಲ್ಲಿಗೆ ಹೋಗಬೇಕು?

ಮೂರೂ ಜಿಲ್ಲಾ ಕೇಂದ್ರಗಳಿಂದ ಬೆಂಗಳೂರು ಒಂದೆರಡು ಗಂಟೆಯ ಬಸ್ ದಾರಿ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಹೊರಗಿನವರಿಗೂ ತೆರೆದಿರುವ ಪರೀಕ್ಷಾ ಸೌಲಭ್ಯ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರವನ್ನೂ ವಿಚಾರಿಸಬಹುದು. ದೇಶದ ಸಂಸ್ಥೆಗಳ ಉಪಕರಣಗಳನ್ನು ಹುಡುಕಿ ಕಾಯ್ದಿರಿಸಲು ಐ-ಸ್ಟೆಮ್ ಎಂಬ ಸರ್ಕಾರಿ ಜಾಲತಾಣ ಇದೆ. ಅಭ್ರಕದ ಮೇಲೆ ಮಾದರಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಬೇಡಿ, ಧೂಳು ಕೂರುತ್ತದೆ. ದ್ರಾವಣವನ್ನು ಐಸ್ ಪೆಟ್ಟಿಗೆಯಲ್ಲಿ ಒಯ್ದು ಅಲ್ಲಿಯೇ ಅಭ್ರಕ ಸೀಳಿ ಹಾಕಿ.

## ಚಿತ್ರವನ್ನು ಓದುವುದು

ಡಿಎನ್‌ಎ ವ್ಯಾಸ 2 ನ್ಯಾನೊಮೀಟರ್ ಎಂದು ಪುಸ್ತಕದಲ್ಲಿದೆ. ನನ್ನ ಚಿತ್ರದಲ್ಲಿ ಅಗಲ 13, ಎತ್ತರ 0.7. ಯಾವುದು ಸುಳ್ಳು?

ಯಾವುದೂ ಸುಳ್ಳಲ್ಲ. ಮೊನೆಗೂ ದಪ್ಪ ಇದೆ. ಎಳೆಯ ನೆತ್ತಿಗೆ ತುದಿ ಬರುವ ಎಷ್ಟೋ ಮುಂಚೆ ಮೊನೆಯ ಬದಿ ಎಳೆಯನ್ನು ತಾಗುತ್ತದೆ, ದಾಟಿದ ಮೇಲೂ ಇನ್ನೊಂದು ಬದಿ ತಾಗುತ್ತಲೇ ಇರುತ್ತದೆ. ಲೆಕ್ಕ ಸರಳ: ಮೊನೆಯ ತ್ರಿಜ್ಯ 10, ಎಳೆಯ ತ್ರಿಜ್ಯ 1, ಗುಣಿಸಿ ವರ್ಗಮೂಲ ತೆಗೆದರೆ 3.16, ಅದರ ನಾಲ್ಕು ಪಟ್ಟು 12.6 ನ್ಯಾನೊಮೀಟರ್. ನಿಮ್ಮ 13 ಸರಿಯಾಗಿಯೇ ಇದೆ, ಮೊನೆ ಇನ್ನೂ ಚೂಪಾಗಿದೆ ಎಂಬ ಭರವಸೆಯೂ ಅದರಲ್ಲೇ ಇದೆ. ಎತ್ತರ ಕಡಿಮೆಯಾಗುವುದು ಮೊನೆಯ ಒತ್ತುವಿಕೆಯಿಂದ, ಒಣಗಿದ ಡಿಎನ್‌ಎ ಅಭ್ರಕಕ್ಕೆ ಚಪ್ಪಟೆಯಾಗಿ ಅಂಟುವುದರಿಂದ, ಸುತ್ತಲೂ ಉಳಿದ ಲವಣದ ತೆಳು ಪದರದಿಂದ.

ನಂಬಬಹುದಾದ ಅಳತೆ ಎಳೆಯ ಉದ್ದ. ಪಿಯುಸಿ19 (pUC19) ಎಂಬ ಉಂಗುರಾಕಾರದ ಡಿಎನ್‌ಎ, ಅಂದರೆ ಪ್ಲಾಸ್ಮಿಡ್‌ನಲ್ಲಿ 2686 ಬೇಸ್ ಜೋಡಿಗಳಿವೆ, ಒಂದಕ್ಕೆ 0.34 ನ್ಯಾನೊಮೀಟರ್. ಉಂಗುರದ ಸುತ್ತಳತೆ ಸುಮಾರು 913 ನ್ಯಾನೊಮೀಟರ್ ಬರಬೇಕು. ಎಳೆಯ ಜಾಡು ಹಿಡಿದು ಅಳೆದು ನೋಡಿ. ಬಹಳ ವ್ಯತ್ಯಾಸವಿದ್ದರೆ ಪೀಜೋದ ಅಳತೆಯನ್ನು ತಿದ್ದಬೇಕು.

ನಾನು ನೋಡುತ್ತಿರುವುದು ಮಾದರಿಯೋ, ಮೊನೆಯ ದೋಷವೋ ಹೇಗೆ ತಿಳಿಯುವುದು?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಎಎಫ್‌ಎಂ ಚಿತ್ರ ಎಂದರೆ ಮೊನೆ ಮತ್ತು ಮಾದರಿ ಎರಡೂ ಸೇರಿ ಬರೆದದ್ದು. ಚೂಪಾದ ಮೊನೆ ಮಾದರಿಯನ್ನು ಬರೆಯುತ್ತದೆ. ಮೊಂಡು ಮೊನೆಯ ಕೆಳಗೆ ಚೂಪಾದ ಕಣ ಬಂದರೆ ಕಣವೇ ಮೊನೆಯ ಚಿತ್ರ ಬರೆಯುತ್ತದೆ. ಎಲ್ಲ ಕಣಗಳೂ ಒಂದೇ ಆಕಾರದಲ್ಲಿ, ಒಂದೇ ದಿಕ್ಕಿಗೆ ಮುಖಮಾಡಿ, ಜೋಡಿಜೋಡಿಯಾಗಿ ಕಂಡರೆ ಮೊನೆಗೆ ಎರಡು ತುದಿ ಮೂಡಿದೆ ಎಂದು ಮೊದಲು ಶಂಕಿಸಿ. ಜೋಡಿ ಕಣದ ವೈರಸ್ ನೋಡುವವರಿಗೆ ಇದು ದೊಡ್ಡ ಮೋಸ.

ಪರೀಕ್ಷೆ ಕಷ್ಟವಲ್ಲ. ಮಾದರಿಯನ್ನು 90 ಡಿಗ್ರಿ ತಿರುಗಿಸಿ ಇಡಿ. ಆಕಾರಗಳು ಜೊತೆಗೆ ತಿರುಗಿದರೆ ಅವು ಮಾದರಿಯವು, ತಿರುಗದೆ ಹಾಗೆಯೇ ನಿಂತರೆ ಮೊನೆಯವು. ಸ್ಕ್ಯಾನ್ ಗಾತ್ರ ಅರ್ಧ ಮಾಡಿ: ನಿಜವಾದ ರಚನೆ ಪರದೆಯ ಮೇಲೆ ದುಪ್ಪಟ್ಟಾಗುತ್ತದೆ, ವಿದ್ಯುತ್ ಗದ್ದಲದ ಪಟ್ಟೆಗಳು ದುಪ್ಪಟ್ಟಾಗುವುದಿಲ್ಲ. ಎಡದಿಂದ ಬಲಕ್ಕೆ ಹೋದ ಸಾಲನ್ನೂ ಹಿಂದಿರುಗಿದ ಸಾಲನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಕೂಡಿಕೊಳ್ಳದಿದ್ದರೆ ವೇಗ ಇಳಿಸಿ ಅಥವಾ ಹಿಮ್ಮಾಹಿತಿಯ ಗಳಿಕೆಯನ್ನು (ಫೀಡ್‌ಬ್ಯಾಕ್ ಗೇನ್) ತಿದ್ದಿ. ಕಣದ ಎಡಬಲಕ್ಕೆ ಕಪ್ಪು ಪಟ್ಟಿ ಕಂಡರೆ ಅದು ಹಳ್ಳವಲ್ಲ, ಸಮತಟ್ಟು ಮಾಡುವ ತಂತ್ರಾಂಶ ಕಣವನ್ನೂ ನೆಲವೆಂದು ಎಣಿಸಿ ಸಾಲನ್ನು ಕೆಳಕ್ಕೆ ತಳ್ಳಿದ ಗುರುತು. ಕಣಗಳನ್ನು ಮರೆಮಾಡಿ ಮತ್ತೆ ಸಮತಟ್ಟು ಮಾಡಿ. ಗ್ವಿಡಿಯನ್ ಎಂಬ ಉಚಿತ ತಂತ್ರಾಂಶದಲ್ಲಿ ಇದೆಲ್ಲ ಇದೆ, ಯಾವ ಕಾಲೇಜಿನ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು.

## ಸಂಶೋಧನೆಗೆ ಇಳಿದವರಿಗೆ

ಪ್ರೋಬಿನ ಡಬ್ಬಿಯ ಮೇಲೆ ಬರೆದಿರುವ ಸ್ಪ್ರಿಂಗ್ ಸ್ಥಿರಾಂಕವನ್ನೇ ಬಳಸಬಹುದೇ?

ಚಿತ್ರಕ್ಕೆ ಸಾಕು, ಬಲದ ಅಳತೆಗೆ ಸಾಲದು. ಸ್ಥಿರಾಂಕ ದಪ್ಪದ ಘನಕ್ಕೆ ಅನುಗುಣವಾಗಿ ಬದಲಾಗುವುದರಿಂದ ತಯಾರಿಕೆಯ ಸಣ್ಣ ವ್ಯತ್ಯಾಸವೂ ದೊಡ್ಡದಾಗುತ್ತದೆ. ನಿಜ ಬೆಲೆ ಬರೆದದ್ದರ ದುಪ್ಪಟ್ಟೂ ಇರಬಹುದು. ಉಷ್ಣ ಕಂಪನದಿಂದ ಅಳೆಯಿರಿ. ಕೋಣೆಯ ಉಷ್ಣತೆಯಲ್ಲಿ ಉಷ್ಣಶಕ್ತಿಯ ಮಾನ 4.1 ಪಿಕೊನ್ಯೂಟನ್-ನ್ಯಾನೊಮೀಟರ್. ಮೀಟರಿಗೆ 0.06 ನ್ಯೂಟನ್ ಎಂದರೆ ನ್ಯಾನೊಮೀಟರಿಗೆ 60 ಪಿಕೊನ್ಯೂಟನ್. ಅಂಥ ಪಟ್ಟಿ ತಾನಾಗಿಯೇ ಸರಾಸರಿ 0.26 ನ್ಯಾನೊಮೀಟರ್ ನಡುಗುತ್ತಿರುತ್ತದೆ. ಆ ನಡುಕವನ್ನು ಅಳೆದು ಹಿಂದಕ್ಕೆ ಲೆಕ್ಕ ಹಾಕಿದರೆ ಸ್ಥಿರಾಂಕ ಸಿಗುತ್ತದೆ. ಅದಕ್ಕೆ ಮೊದಲು ಗಟ್ಟಿ ಮೈಯ ಮೇಲೆ ಒತ್ತಿ ಫೋಟೊಡಯೋಡಿನ ಸಂವೇದನೆಯನ್ನು ಅಳೆಯುವುದು ಕಡ್ಡಾಯ.

ಕ್ಯಾನ್ಸರ್ ಕೋಶ ಮೆದು ಎನ್ನುತ್ತಾರೆ. ಕೋಶದ ಗಡಸನ್ನು ಎಷ್ಟರಮಟ್ಟಿಗೆ ನಂಬಬಹುದು?

ಹೋಲಿಕೆಯನ್ನು ನಂಬಿ, ಒಂಟಿ ಅಂಕಿಯನ್ನು ನಂಬಬೇಡಿ. ಹಲವು ಬಗೆಯ ಕ್ಯಾನ್ಸರ್ ಕೋಶಗಳು ಆರೋಗ್ಯವಂತ ಕೋಶಗಳಿಗಿಂತ ಮೆದು ಎಂದು 1999ರಿಂದ ಈಚೆಗೆ ಹಲವು ಪ್ರಯೋಗಾಲಯಗಳು ತೋರಿಸಿವೆ. ಆದರೆ ಬರುವ ಅಂಕಿ ಮೊನೆಯ ಆಕಾರ, ಒತ್ತುವ ವೇಗ, ಒತ್ತಿದ ಆಳ, ಕೋಶ ಕೂತ ನೆಲ ಎಲ್ಲದರ ಮೇಲೂ ನಿಂತಿದೆ. ಚೂಪು ಮೊನೆಯ ಬದಲು ಕೆಲವು ಮೈಕ್ರೊಮೀಟರ್ ಗೋಲ ಅಂಟಿಸಿದ ಪ್ರೋಬ್ ಬಳಸಿ, ಕೋಶದ ಎತ್ತರದ ಹತ್ತನೇ ಒಂದು ಭಾಗಕ್ಕಿಂತ ಆಳಕ್ಕೆ ಹೋಗಬೇಡಿ. ಹೋದರೆ ಕೆಳಗಿನ ಗಾಜಿನ ಗಡಸು ಸೇರಿಕೊಳ್ಳುತ್ತದೆ. ಎರಡೂ ಬಗೆಯ ಕೋಶಗಳನ್ನು ಒಂದೇ ದಿನ, ಒಂದೇ ಪ್ರೋಬಿನಲ್ಲಿ ಅಳೆಯಿರಿ.

ಒಂದೇ ಒಂದು ಪ್ರೋಟೀನನ್ನು ಹಿಡಿದು ಎಳೆಯಬಹುದು ಎಂದು ಓದಿದೆ. ಎಳೆದದ್ದು ಒಂದೇ ಎಂದು ಹೇಗೆ ಗೊತ್ತು?

ಎಳೆಯುವಾಗ ಸಿಗುವ ಬಲದ ರೇಖೆಯ ಆಕಾರದಿಂದ. 1997ರಲ್ಲಿ ಸ್ನಾಯುವಿನ ಟೈಟಿನ್ ಪ್ರೋಟೀನನ್ನು ಎಳೆದಾಗ ಗರಗಸದ ಹಲ್ಲಿನಂಥ ರೇಖೆ ಬಂತು. ಒಂದೊಂದು ಹಲ್ಲೂ ಒಂದೊಂದು ಮಡಿಕೆ ಬಿಚ್ಚಿದ ಕ್ಷಣ. ಬಲ 150ರಿಂದ 300 ಪಿಕೊನ್ಯೂಟನ್, ಹಲ್ಲುಗಳ ನಡುವೆ ಸರಿಸುಮಾರು 25 ನ್ಯಾನೊಮೀಟರ್ ಅಂತರ. ಒಂದೇ ಮಡಿಕೆ ಮತ್ತೆ ಮತ್ತೆ ಇರುವ ಸರಪಳಿಯನ್ನು ಕಟ್ಟಿಕೊಂಡು ಎಳೆದರೆ ಸಮ ಅಂತರದ ಹಲ್ಲುಗಳೇ ಸಾಕ್ಷಿ ಹೇಳುತ್ತವೆ. ಮೊನೆಗೆ ಪ್ರತಿಕಾಯ ಕಟ್ಟಿ ಕೋಶದ ಮೇಲಿನ ಗ್ರಾಹಕವನ್ನು (ಪ್ರತಿಕಾಯ ಹಿಡಿಯುವ ಪ್ರೋಟೀನನ್ನು) ಹುಡುಕುವವರು ಇನ್ನೊಂದು ಕೆಲಸ ಮಾಡಲೇಬೇಕು: ದ್ರಾವಣಕ್ಕೆ ಬಿಡಿ ಪ್ರತಿಕಾಯ ಸುರಿದು ಗ್ರಾಹಕಗಳನ್ನು ಮುಚ್ಚಿದಾಗ ಹಿಡಿತಗಳು ನಿಂತುಹೋಗುತ್ತವೆಯೇ ಎಂದು ನೋಡುವುದು. ನಿಲ್ಲದಿದ್ದರೆ ಅದು ಬರೀ ಅಂಟು. ಬಲ ಎಳೆಯುವ ವೇಗದೊಂದಿಗೆ ಏರುವುದರಿಂದ ವೇಗ ಬರೆಯದ ಬಲದ ಅಂಕಿಗೆ ಅರ್ಥವಿಲ್ಲ.

ಒಂದು ಚಿತ್ರಕ್ಕೆ ಎಂಟು ನಿಮಿಷ. ಪ್ರೋಟೀನಿನ ಚಲನೆ ಸಿಗುವುದು ಹೇಗೆ?

512 ಸಾಲು, ಸೆಕೆಂಡಿಗೆ ಒಂದು ಸಾಲು ಎಂದರೆ ಎಂಟೂವರೆ ನಿಮಿಷ. ಸಾಮಾನ್ಯ ಉಪಕರಣದಲ್ಲಿ ಚಲನೆ ಸಿಗದು. ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ತೋಶಿಯೊ ಆಂಡೊ ಅವರ ಗುಂಪು ಹತ್ತು ಮೈಕ್ರೊಮೀಟರಿಗಿಂತ ಚಿಕ್ಕ ಪಟ್ಟಿಗಳು, ವೇಗದ ಪೀಜೋ ಮತ್ತು ಹಿಮ್ಮಾಹಿತಿ ಕಟ್ಟಿ ಸೆಕೆಂಡಿಗೆ ಹತ್ತಾರು ಚಿತ್ರಗಳ ಮಟ್ಟ ಮುಟ್ಟಿತು. 2010ರಲ್ಲಿ ಅವರು ಮಯೋಸಿನ್-5 ಎಂಬ ಪ್ರೋಟೀನು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ತಂತುವಿನ ಮೇಲೆ 36 ನ್ಯಾನೊಮೀಟರ್ ಹೆಜ್ಜೆ ಹಾಕಿ ನಡೆಯುವುದನ್ನು ನೇರವಾಗಿ ತೋರಿಸಿದರು. ಆ ದೃಶ್ಯವನ್ನು ತರಗತಿಯಲ್ಲಿ ಒಮ್ಮೆ ಹಾಕಿ ತೋರಿಸಿ ಎಂದು ಎಲ್ಲ ಅಧ್ಯಾಪಕರಲ್ಲೂ ಕೇಳಿಕೊಳ್ಳುತ್ತೇನೆ.

ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಮೇಲೆ ಎಎಫ್‌ಎಂ ಕಲಿಯುವುದು ವ್ಯರ್ಥವಲ್ಲವೇ?

ಪ್ರೋಟೀನಿನ ಪರಮಾಣು ಮಟ್ಟದ ರಚನೆ ಬೇಕಿದ್ದರೆ ಹೌದು, ಅಲ್ಲಿಗೇ ಹೋಗಿ. ಅಲ್ಲಿ ಹೆಪ್ಪುಗಟ್ಟಿದ ಸಾವಿರಾರು ಕಣಗಳ ಚಿತ್ರಗಳನ್ನು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಈ ಒಂದು ಅಣು ಉಳಿದವುಗಳಿಗಿಂತ ಹೇಗೆ ಬೇರೆ, ಬಫರಿಗೆ ಔಷಧ ಸೇರಿಸಿದ ಮೇಲೆ ಇದೇ ಬ್ಯಾಕ್ಟೀರಿಯಾದ ಗೋಡೆ ಹೇಗೆ ಸವೆಯಿತು, ಮಲೇರಿಯಾ ಸೋಂಕಿದ ಇದೇ ರಕ್ತಕಣದ ಮೇಲೆ ಎದ್ದ ಸುಮಾರು 100 ನ್ಯಾನೊಮೀಟರ್ ಗುಬುಟುಗಳು ಎಷ್ಟು ಬಿಗಿಯಾಗಿ ಅಂಟುತ್ತವೆ ಎಂಬಂಥ ಪ್ರಶ್ನೆಗಳಿಗೆ ಸರಾಸರಿಯಲ್ಲಿ ಉತ್ತರವಿಲ್ಲ. ನಿಮ್ಮ ಪ್ರಶ್ನೆ ಇಂಥದ್ದಾದರೆ ಎಎಫ್‌ಎಂ ಕಲಿಯಿರಿ.

ಪ್ರಬಂಧದಲ್ಲಿ ಏನೇನು ಬರೆಯಬೇಕು? ಮಾರ್ಗದರ್ಶಕರು ಚಿತ್ರ ಸಾಕು ಎನ್ನುತ್ತಾರೆ.

ಚಿತ್ರ ಸಾಲದು. ಪ್ರೋಬಿನ ಹೆಸರು, ಅಳೆದ ಸ್ಪ್ರಿಂಗ್ ಸ್ಥಿರಾಂಕ, ವಿಧಾನ, ಗಾಳಿಯೋ ಬಫರೋ, ಬಫರಿನ ಲವಣಗಳು, ಬಳಸಿದ ಬಲ ಅಥವಾ ಕಂಪನದ ಮಟ್ಟ, ಸಾಲಿನ ವೇಗ, ಪಿಕ್ಸೆಲ್ ಸಂಖ್ಯೆ, ಎಷ್ಟು ಬಿಲ್ಲೆಗಳಲ್ಲಿ ಎಷ್ಟು ಕಣ ಅಳೆದಿರಿ, ಆಮೇಲೆ ಯಾವ ಕ್ರಮದಲ್ಲಿ ಸಮತಟ್ಟು ಮಾಡಿದಿರಿ, ಇಷ್ಟೂ ಬೇಕು. ತಿದ್ದದ ಮೂಲ ಕಡತವನ್ನು ಅಳಿಸಬೇಡಿ, ಕೇಳಿದವರಿಗೆ ಕೊಡುವಂತಿರಲಿ. ಅತ್ಯಂತ ಚೆಂದದ ಒಂದು ಚಿತ್ರದ ಪಕ್ಕದಲ್ಲಿ, ಹತ್ತು ಮೈಕ್ರೊಮೀಟರ್ ಅಗಲದ ಸಾಧಾರಣ ಚಿತ್ರವೊಂದನ್ನೂ ಹಾಕಿ. ಬಿಲ್ಲೆಯ ಬಹುಭಾಗ ಹೇಗಿತ್ತು ಎಂದು ಓದುವವರಿಗೆ ತಿಳಿಯುವುದು ಅದರಿಂದಲೇ.